ಎಟಿವಿ ಕಾರ್ಬುರೇಟರ್ ಬಿಚ್ಚಿ ಸರ್ವಿಸ್ ಮಾಡುವುದು ಹೇಗೆ?

"ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿದೆ, ಆದರೂ ಚೋಕ್ ಇಲ್ಲದೆ ಎಂಜಿನ್ ಓಡುತ್ತಿಲ್ಲ, ಆಫ್ ಆಗಿಬಿಡುತ್ತದೆ. ಇನ್ನೇನು ಮಾಡಲಿ?" ಎಟಿವಿ, ಅಂದರೆ ಕಚ್ಚಾ ನೆಲದಲ್ಲೂ ಓಡುವ ನಾಲ್ಕು ಚಕ್ರದ ಗಾಡಿ, ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು. ಬಹಳಷ್ಟು ಸಲ ಕಾರಣ ಒಂದೇ. ಕೆಳಗಿನ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ತೆಗೆದು, ಕಣ್ಣಿಗೆ ಕಂಡ ಕೊಳೆಯನ್ನು ಒರೆಸಿ, ಮೇಲಿಂದ ಸ್ಪ್ರೇ ಹೊಡೆದು ವಾಪಸ್ ಕೂರಿಸಿರುತ್ತಾರೆ. ಆದರೆ ಗಾಡಿಗೆ ತೊಂದರೆ ಕೊಡುವುದು ಕಣ್ಣಿಗೆ ಕಾಣುವ ಕೊಳೆ ಅಲ್ಲ. ಒಳಗಿನ ಕೂದಲೆಳೆಯಂಥ ದಾರಿಗಳು ಮುಚ್ಚಿಹೋಗಿರುತ್ತವೆ. ಆ ದಾರಿಗಳು ತೆರೆದಿವೆ ಅಂತ ಖಾತ್ರಿ ಆಗುವವರೆಗೆ ಕಾರ್ಬುರೇಟರ್ ಕ್ಲೀನ್ ಆಗಿಲ್ಲ ಅಂತಲೇ ತಿಳಿಯಿರಿ. ಈ ಲೇಖನದಲ್ಲಿ ಜಾಸ್ತಿ ಜಾಗ ಕೊಟ್ಟಿರುವುದೂ ಅದಕ್ಕೇ.

ಇಲ್ಲಿ ಹೇಳಿರುವುದು ಒಂದೇ ಕಾರ್ಬುರೇಟರ್ ಇರುವ, ಫೋರ್ ಸ್ಟ್ರೋಕ್ ಎಂಜಿನ್ನಿನ ಸಾಮಾನ್ಯ ಎಟಿವಿಗಳ ಬಗ್ಗೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಪಕ್ಕದಲ್ಲಿರಲಿ. ಫ್ಲೋಟ್ ಎತ್ತರ, ಐಡ್ಲಿಂಗ್ (ರೇಸ್ ಕೊಡದೆ ಎಂಜಿನ್ ಓಡುವಾಗಿನ) ವೇಗದಂಥ ಅಳತೆಗಳು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತವೆ.

ಒಳಗೆ ಏನೇನಿದೆ?

ಎಂಜಿನ್ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿ ಕಾರ್ಬುರೇಟರಿನ ಕಿರಿದಾದ ಕೊರಳಿನಲ್ಲಿ ಹಾದುಹೋಗುವಾಗ ಅದರ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆಗ ಕೆಳಗಿನ ಬೌಲ್‌ನಲ್ಲಿರುವ ಪೆಟ್ರೋಲ್ ಜೆಟ್‌ಗಳ ಮೂಲಕ ಮೇಲೆ ಬಂದು ಗಾಳಿಯ ಜೊತೆ ಸೇರುತ್ತದೆ. ಜೆಟ್ ಅಂದರೆ ಅಳತೆ ಮಾಡಿ ಕೊರೆದ ತೂತಿರುವ ಸಣ್ಣ ಹಿತ್ತಾಳೆ ಸ್ಕ್ರೂ.

ಮುಖ್ಯವಾಗಿ ಮೂರು ಭಾಗ ನೆನಪಿಟ್ಟುಕೊಳ್ಳಿ. ಐಡ್ಲಿಂಗ್‌ನಿಂದ ಸುಮಾರು ಕಾಲು ಭಾಗ ರೇಸ್ ಕೊಡುವವರೆಗೆ ಕೆಲಸ ಮಾಡುವುದು ಪೈಲಟ್ ಜೆಟ್. ಇದನ್ನು ಸ್ಲೋ ಜೆಟ್ ಅಂತಲೂ ಕರೆಯುತ್ತಾರೆ. ಕಾಲಿನಿಂದ ಮುಕ್ಕಾಲು ಭಾಗದವರೆಗೆ ಜೆಟ್ ನೀಡಲ್, ಅಂದರೆ ಮೇಲೆ ಕೆಳಗೆ ಆಡುವ ಚೂಪಾದ ಸೂಜಿ, ಪೆಟ್ರೋಲ್ ಅಳೆಯುತ್ತದೆ. ಅಲ್ಲಿಂದ ಮೇಲೆ ಮೇನ್ ಜೆಟ್‌ನ ಪಾಲು. ಇವುಗಳ ಗಡಿ ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತದೆ. ಬೌಲ್‌ನಲ್ಲಿ ಪೆಟ್ರೋಲ್ ಎಷ್ಟಿರಬೇಕು ಅನ್ನುವುದನ್ನು ಫ್ಲೋಟ್ ನೋಡಿಕೊಳ್ಳುತ್ತದೆ. ಪೆಟ್ರೋಲ್ ತುಂಬಿದಂತೆ ಫ್ಲೋಟ್ ಮೇಲೇರಿ ನೀಡಲ್ ವಾಲ್ವನ್ನು ಒತ್ತಿ ದಾರಿ ಮುಚ್ಚುತ್ತದೆ.

ಎಟಿವಿಗಳಲ್ಲಿ ಎರಡು ಬಗೆಯ ಕಾರ್ಬುರೇಟರ್ ಸಿಗುತ್ತವೆ. ಚಿಕ್ಕ ಗಾಡಿಗಳಲ್ಲಿ ಮತ್ತು ಕೆಲವು ಸ್ಪೋರ್ಟ್ ಮಾಡೆಲ್‌ಗಳಲ್ಲಿ ಕೇಬಲ್ ನೇರವಾಗಿ ಸ್ಲೈಡನ್ನು, ಅಂದರೆ ಸೂಜಿಯನ್ನು ಹಿಡಿದು ಗಾಳಿಯ ದಾರಿ ತೆರೆಯುವ ಭಾಗವನ್ನು, ಎತ್ತುತ್ತದೆ. ದೊಡ್ಡ ಯುಟಿಲಿಟಿ ಗಾಡಿಗಳಲ್ಲಿ ಹೆಚ್ಚಾಗಿ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ) ಬಗೆಯದು ಇರುತ್ತದೆ. ಅದರಲ್ಲಿ ಕೇಬಲ್ ತೆರೆಯುವುದು ಬಟರ್‌ಫ್ಲೈ ಅನ್ನುವ ತಗಡಿನ ಬಿಲ್ಲೆಯನ್ನು ಮಾತ್ರ. ಸ್ಲೈಡನ್ನು ಎತ್ತುವುದು ಎಂಜಿನ್ನಿನ ಸೆಳೆತ, ತೆಳುವಾದ ರಬ್ಬರ್ ಡಯಾಫ್ರಮ್ ಮೂಲಕ.

ತಪ್ಪು ನಿಜಕ್ಕೂ ಕಾರ್ಬುರೇಟರಿನದಾ?

ಬಿಚ್ಚುವ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಿ. ಪೆಟ್ರೋಲ್ ಹಳೆಯದಾ? ಹುಳಿ ವಾಸನೆ, ಗಾಢ ಬಣ್ಣ ಇದ್ದರೆ ಮೊದಲು ಅದನ್ನು ಬದಲಿಸಿ. ಏರ್ ಫಿಲ್ಟರ್ ಕೆಸರಿನಿಂದ ಕಟ್ಟಿದ್ದರೆ ಯಾವ ಕಾರ್ಬುರೇಟರ್ ಆದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಓಡುತ್ತಾ ಓಡುತ್ತಾ ಪೆಟ್ರೋಲ್ ಸಿಗದಂತೆ ನಿಂತುಹೋಗಿ, ಟ್ಯಾಂಕ್ ಮುಚ್ಚಳ ಸಡಿಲಿಸಿದ ಕೂಡಲೇ ಸರಿಯಾಗುತ್ತಿದ್ದರೆ ಮುಚ್ಚಳದ ಗಾಳಿ ತೂತು ಅಥವಾ ಅದರ ಪೈಪ್ ಕಟ್ಟಿದೆ. ಕಾರ್ಬುರೇಟರಿಗೆ ಬರುವ ಪೆಟ್ರೋಲ್ ಪೈಪನ್ನು ಒಂದು ಡಬ್ಬಿಗೆ ಬಿಟ್ಟು ಪೆಟ್ರೋಲ್ ಧಾರೆಯಾಗಿ ಬರುತ್ತದಾ ನೋಡಿ. ಕೆಲವು ಗಾಡಿಗಳ ಪೆಟ್ರೋಲ್ ಕಾಕ್ ಎಂಜಿನ್ ಸೆಳೆತ ಇದ್ದಾಗ ಮಾತ್ರ ತೆರೆಯುತ್ತದೆ. ಅಂಥದ್ದರಲ್ಲಿ ಪಿಆರ್‌ಐ (PRI) ಅಂತ ಗುರುತಿರುವ ಸ್ಥಾನಕ್ಕೆ ತಿರುಗಿಸಿ ಪರೀಕ್ಷಿಸಬೇಕು. ಇಲ್ಲದಿದ್ದರೆ ಕಾಕ್ ಕೆಟ್ಟಿದೆ ಅಂತ ಸುಮ್ನೆ ತಪ್ಪು ತಿಳಿಯುತ್ತೀರಿ.

ಇವೆಲ್ಲ ಸರಿ ಇದ್ದರೆ ಲಕ್ಷಣ ನೋಡಿ. ಎಂಜಿನ್ ಬಿಸಿಯಾದ ಮೇಲೂ ಚೋಕ್ ಇದ್ದರೆ ಮಾತ್ರ ಓಡುತ್ತದೆ ಅಂದರೆ ಹೆಚ್ಚಾಗಿ ಪೈಲಟ್ ದಾರಿ ಮುಚ್ಚಿದೆ. ಐಡ್ಲಿಂಗ್ ಚೆನ್ನಾಗಿದ್ದು ಪೂರ್ತಿ ರೇಸ್‌ನಲ್ಲಿ ಬಿದ್ದುಹೋದರೆ ಮೇನ್ ಜೆಟ್ ಅಥವಾ ಪೆಟ್ರೋಲ್ ಹರಿವು ಕಡಿಮೆ. ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ನೀಡಲ್ ವಾಲ್ವ್ ಅಥವಾ ಫ್ಲೋಟ್. ಕಪ್ಪು ಹೊಗೆ ಬಂದು ಪ್ಲಗ್ ಮಸಿಯಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಚೋಕ್ ಪೂರ್ತಿ ಆಫ್ ಆಗದಿದ್ದರೂ ಹೀಗಾಗುತ್ತದೆ.

ಓವರ್‌ಫ್ಲೋ ಆಗುತ್ತಿದ್ದ ಗಾಡಿಯಲ್ಲಿ ಇನ್ನೊಂದು ವಿಷಯ ಮರೆಯಬೇಡಿ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಆಯಿಲ್ ಮಟ್ಟ ಏರಿದ್ದರೆ, ಪೆಟ್ರೋಲ್ ಸಿಲಿಂಡರ್ ದಾಟಿ ಎಂಜಿನ್ನಿನ ತಳದಲ್ಲಿ ಆಯಿಲ್ ಇರುವ ಕ್ರ್ಯಾಂಕ್‌ಕೇಸ್‌ಗೆ ಇಳಿದಿದೆ. ಆ ಆಯಿಲ್‌ನಲ್ಲಿ ಎಂಜಿನ್ ಓಡಿಸಬೇಡಿ. ಬೇರಿಂಗ್ ಹಾಳಾಗುತ್ತದೆ. ಕಾರ್ಬುರೇಟರ್ ರಿಪೇರಿ ಮುಗಿದ ಮೇಲೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿಯೇ ಸ್ಟಾರ್ಟ್ ಮಾಡಿ.

ಬೇಕಾಗುವ ಸಾಮಾನು

ಸಾಕೆಟ್ ಮತ್ತು ಸ್ಪ್ಯಾನರ್ ಸೆಟ್, ಉದ್ದ ಮೂಗಿನ ಪ್ಲೈಯರ್, ಬೇರೆ ಬೇರೆ ಅಗಲದ ಚಪ್ಪಟೆ ಸ್ಕ್ರೂಡ್ರೈವರ್‌ಗಳು, ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮತ್ತು ಅದರ ತೆಳು ನಳಿಕೆ, ಗಾಳಿಗೆ ಕಂಪ್ರೆಸರ್, ಪೆಟ್ರೋಲ್ ಹಿಡಿಯಲು ಡಬ್ಬಿ, ಸ್ಕ್ರೂಗಳನ್ನು ಇಡಲು ಸಣ್ಣ ಸಣ್ಣ ಬಟ್ಟಲುಗಳು, ನೂಲು ಬಿಡದ ಬಟ್ಟೆ, ವರ್ನಿಯರ್ ಕ್ಯಾಲಿಪರ್, ಟಾರ್ಚ್. ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ರಕ್ಷಣೆಯ ಕನ್ನಡಕ. ಕ್ಲೀನರ್ ಸ್ಪ್ರೇ ಒಂದು ತೂತಿಗೆ ಹೊಡೆದರೆ ಇನ್ನೊಂದು ತೂತಿನಿಂದ ನೇರ ಮುಖಕ್ಕೆ ಚಿಮ್ಮುತ್ತದೆ. ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಸ್ಕ್ರೂಡ್ರೈವರ್ ಬಗ್ಗೆ ಒಂದು ಮಾತು. ಮಿಕುನಿ, ಕೈಹಿನ್‌ನಂಥ ಜಪಾನೀ ಕಾರ್ಬುರೇಟರ್‌ಗಳ ಪ್ಲಸ್ ಸ್ಕ್ರೂಗಳು ನೋಡಲು ಫಿಲಿಪ್ಸ್ ಥರ ಇದ್ದರೂ ಅವು ಜೆಐಎಸ್ ಅನ್ನುವ ಜಪಾನೀ ಅಳತೆಯವು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಬಲ ಹಾಕಿದಾಗ ಜಾರಿ ಮೇಲೆ ಬಂದು ಸ್ಕ್ರೂ ತಲೆ ಸವೆಸಿಬಿಡುತ್ತದೆ. ಒಂದು ಜೆಐಎಸ್ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಈ ಕೆಲಸದಲ್ಲಿ ಅತಿ ಹೆಚ್ಚು ತಲೆನೋವು ತಪ್ಪಿಸುವ ಉಪಕರಣ ಅದೇ.

ಇನ್ನು ರಿಪೇರಿ ಕಿಟ್. ಅಗ್ಗದ ಕಿಟ್‌ಗಳಲ್ಲಿ ಗ್ಯಾಸ್ಕೆಟ್, ಓ-ರಿಂಗ್ ಜೊತೆ ಜೆಟ್‌ಗಳೂ ಬರುತ್ತವೆ. ಗ್ಯಾಸ್ಕೆಟ್ ಬಳಸಿ. ಜೆಟ್‌ಗಳ ವಿಷಯದಲ್ಲಿ ಹುಷಾರು. ಮೇಲೆ ಕೆತ್ತಿದ ನಂಬರ್ ಒಂದೇ ಇದ್ದರೂ ತೂತಿನ ಅಳತೆ ಸರಿಯಾಗಿರುತ್ತದೆ ಅನ್ನುವ ಭರವಸೆ ಇಲ್ಲ. ಕಂಪನಿಯ ಹಳೆಯ ಹಿತ್ತಾಳೆ ಜೆಟ್‌ಗೆ ಪೆಟ್ಟಾಗಿಲ್ಲದಿದ್ದರೆ, ಕ್ಲೀನ್ ಮಾಡಿ ಅದನ್ನೇ ಹಾಕಿ ಅನ್ನುವುದು ನನ್ನ ಸಲಹೆ.

1. ಜಾಗ ಸಿದ್ಧ ಮಾಡಿಕೊಳ್ಳಿ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಾಗಿಲು ಕಿಟಕಿ ತೆರೆದಿರುವ ಜಾಗ ಅಥವಾ ಹೊರಗಡೆ ಆದರೆ ಒಳ್ಳೆಯದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು. ಹತ್ತಿರದಲ್ಲಿ ಸ್ಟವ್, ಹೀಟರ್, ಗ್ಯಾಸ್ ಗೀಸರ್, ಸಿಗರೇಟ್ ಯಾವುದೂ ಬೇಡ. ಪೆಟ್ರೋಲ್ ಬೆಂಕಿಗೆ ಒಪ್ಪುವ ನಂದಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಡಿ.

ಕಾರ್ಬುರೇಟರ್ ಸುತ್ತ ಮುತ್ತ ಅಂಟಿದ ಮಣ್ಣು, ಕೆಸರನ್ನು ಈಗಲೇ ಬ್ರಶ್‌ನಿಂದ ತೆಗೆಯಿರಿ. ಬಿಚ್ಚುವಾಗ ಒಂದು ಹರಳು ಮರಳು ಎಂಜಿನ್ ಒಳಗೆ ಬಿದ್ದರೂ ಅದು ಸಿಲಿಂಡರಿಗೇ ಹೋಗುತ್ತದೆ.

2. ಕಾರ್ಬುರೇಟರ್ ತಲುಪುವವರೆಗೆ

ಸೀಟು ತೆಗೆಯಿರಿ. ಪಕ್ಕದ ಪ್ಲಾಸ್ಟಿಕ್ ಪ್ಯಾನೆಲ್‌ಗಳನ್ನು ಬಿಚ್ಚಿ. ಕೆಲವು ಗಾಡಿಗಳಲ್ಲಿ ಟ್ಯಾಂಕ್ ಕವರ್ ಸಾಕು, ಕೆಲವದರಲ್ಲಿ ಟ್ಯಾಂಕನ್ನೇ ಎತ್ತಬೇಕಾಗುತ್ತದೆ. ಪ್ಲಾಸ್ಟಿಕ್ ಪಿನ್‌ಗಳನ್ನು ಎಳೆದು ಕೀಳಬೇಡಿ. ಬಹಳಷ್ಟರಲ್ಲಿ ಮಧ್ಯದ ತಲೆಯನ್ನು ಒಳಗೆ ಒತ್ತಿದರೆ ಅಥವಾ ಮೇಲೆತ್ತಿದರೆ ಪಿನ್ ಸಡಿಲವಾಗುತ್ತದೆ.

ಈಗ ಫೋನ್ ತೆಗೆದು ಎಲ್ಲಾ ಕಡೆಯಿಂದ ಫೋಟೋ ಹೊಡೆಯಿರಿ. ಯಾವ ಪೈಪ್ ಎಲ್ಲಿಗೆ, ಕೇಬಲ್ ಯಾವ ದಾರಿಯಲ್ಲಿ ಅನ್ನುವುದು ಜೋಡಿಸುವಾಗ ನೆನಪಿರುವುದಿಲ್ಲ.

3. ಪೈಪು, ಕೇಬಲ್ ಬಿಡಿಸಿ ಹೊರತೆಗೆಯುವುದು

ಪೆಟ್ರೋಲ್ ಕಾಕ್ ಆಫ್ ಮಾಡಿ. ಬೌಲ್‌ನ ಕೆಳಗಿರುವ ಡ್ರೈನ್ ಸ್ಕ್ರೂ ಸಡಿಲಿಸಿ ಒಳಗಿನ ಪೆಟ್ರೋಲನ್ನು ಒಂದು ಪಾರದರ್ಶಕ ಬಾಟಲಿಗೆ ಇಳಿಸಿ. ಬಾಟಲಿ ಗಾಜಿನದಾಗಿರಲಿ. ಕೆಲವು ಪ್ಲಾಸ್ಟಿಕ್ ಪೆಟ್ರೋಲ್‌ಗೆ ಕರಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ತಳದಲ್ಲಿ ಬೇರೆಯಾಗಿ ನಿಂತ ನೀರು, ಕಂದು ಚೂರು, ತುಕ್ಕಿನ ಪುಡಿ ಕಂಡರೆ ಟ್ಯಾಂಕ್ ಕೂಡ ಕ್ಲೀನ್ ಮಾಡಲೇಬೇಕು. ಅದನ್ನು ಬಿಟ್ಟು ಕಾರ್ಬುರೇಟರ್ ಮಾತ್ರ ಸರಿ ಮಾಡಿದರೆ ಕೆಲವೇ ದಿನಗಳಲ್ಲಿ ಅದೇ ಕಥೆ.

ಪೆಟ್ರೋಲ್ ಪೈಪಿನ ಕ್ಲಿಪ್ ಹಿಂದೆ ಸರಿಸಿ. ಪೈಪ್ ಬಿಗಿಯಾಗಿದ್ದರೆ ಎಳೆಯಬೇಡಿ, ಮೊದಲು ತಿರುಗಿಸಿ ಅಂಟು ಬಿಡಿಸಿ. ಎಳೆದರೆ ಹಿತ್ತಾಳೆ ನಳಿಕೆ ಬುಡದಲ್ಲೇ ಅಲುಗಾಡಬಹುದು. ಗಾಳಿ ಪೈಪುಗಳಿಗೆ ಟೇಪ್ ಸುತ್ತಿ ಗುರುತು ಹಾಕಿ. ಕೆಲವು ಕಾರ್ಬುರೇಟರ್‌ಗಳಿಗೆ ಹೀಟರ್ ತಂತಿ, ಥ್ರಾಟಲ್ ಪೊಸಿಷನ್ ಸೆನ್ಸರ್ ಕೂಡ ಇರುತ್ತದೆ. ಸೆನ್ಸರಿನ ಕನೆಕ್ಟರ್ ಮಾತ್ರ ತೆಗೆಯಿರಿ. ಸೆನ್ಸರನ್ನೇ ಬಿಚ್ಚಬೇಡಿ. ಅದು ಇರುವ ಕೋನಕ್ಕೆ ಲೆಕ್ಕ ಇದೆ.

ಈಗ ಏರ್‌ಬಾಕ್ಸ್ (ಏರ್ ಫಿಲ್ಟರ್ ಇರುವ ಪೆಟ್ಟಿಗೆ) ಕಡೆಯ ಮತ್ತು ಎಂಜಿನ್ ಕಡೆಯ ಎರಡೂ ಕ್ಲ್ಯಾಂಪ್ ಸಡಿಲಿಸಿ. ಜಾಗ ಸಾಲದಿದ್ದರೆ ಏರ್‌ಬಾಕ್ಸ್ ಬೋಲ್ಟ್ ಬಿಚ್ಚಿ ಅದನ್ನು ಒಂದೆರಡು ಸೆಂಟಿಮೀಟರ್ ಹಿಂದೆ ತಳ್ಳಿ. ಕಾರ್ಬುರೇಟರನ್ನು ಹಿಂದಕ್ಕೆ ಒತ್ತಿ, ಎಡ ಬಲ ತಿರುಗಿಸುತ್ತಾ ಎಂಜಿನ್ ಕಡೆಯಿಂದ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಬೂಟ್ ಹರಿದರೆ ಅಲ್ಲಿಂದ ಗಾಳಿ ಸೋರಿ ಹೊಸ ತೊಂದರೆ ಶುರು.

ಕೇಬಲ್ ಬಿಡಿಸುವುದು ಬಗೆಯ ಮೇಲೆ ಹೋಗುತ್ತದೆ. ಸಿ.ವಿ. ಬಗೆಯದರಲ್ಲಿ ಪಕ್ಕದ ಸಣ್ಣ ಮುಚ್ಚಳ ತೆಗೆದರೆ ಕೇಬಲ್ ತುದಿಯ ಗುಂಡು ಕಾಣುತ್ತದೆ. ಲಿವರನ್ನು ಕೈಯಿಂದ ತಿರುಗಿಸಿ ಕೇಬಲ್ ಸಡಿಲವಾದಾಗ ಗುಂಡನ್ನು ಜಾರಿಸಿ ತೆಗೆಯಿರಿ. ಸ್ಲೈಡ್ ಬಗೆಯದರಲ್ಲಿ ಮೇಲಿನ ಮುಚ್ಚಳ ತಿರುಗಿಸಿ ಸ್ಲೈಡ್ ಮತ್ತು ಸೂಜಿಯನ್ನು ಒಟ್ಟಿಗೆ ಮೇಲಕ್ಕೆ ಎಳೆಯಿರಿ. ಸೂಜಿ ಬಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲೆ ಕಟ್ಟಿಡಿ. ಚೋಕ್ ಕೇಬಲ್ ಇದ್ದರೆ ಅದರ ನಟ್ ಹೆಚ್ಚಾಗಿ ಪ್ಲಾಸ್ಟಿಕ್. ಮೆಲ್ಲಗೆ ತಿರುಗಿಸಿ.

ಕಾರ್ಬುರೇಟರ್ ಹೊರಬಂದ ಕೂಡಲೇ ಎಂಜಿನ್ ಬಾಯಿಗೆ ಶುದ್ಧ ಬಟ್ಟೆ ತುರುಕಿ. ಸಣ್ಣ ತುಂಡು ಬೇಡ, ಹೊರಗೆ ನೇತಾಡುವಷ್ಟು ದೊಡ್ಡದಿರಲಿ. ಆಗ ವಾಪಸ್ ಜೋಡಿಸುವಾಗ ಮರೆಯುವುದಿಲ್ಲ.

4. ಬಿಚ್ಚುವುದು

ಹೊರಗಡೆಯ ಕೊಳೆ ಮೊದಲು ತೊಳೆಯಿರಿ. ನಂತರ ಕೆಳಗೆ ದೊಡ್ಡ ತಟ್ಟೆ ಇಟ್ಟುಕೊಂಡು ಶುರು ಮಾಡಿ. ಸ್ಪ್ರಿಂಗ್ ಹಾರಿದರೆ ತಟ್ಟೆಯಲ್ಲೇ ಬೀಳಲಿ.

ಸಿ.ವಿ. ಬಗೆಯದಾದರೆ ಮೇಲಿನ ಮುಚ್ಚಳವನ್ನು ಕೈಯಿಂದ ಒತ್ತಿ ಹಿಡಿದು ಸ್ಕ್ರೂ ತೆಗೆಯಿರಿ. ಕೆಳಗೆ ಸ್ಪ್ರಿಂಗ್ ಇದೆ. ಡಯಾಫ್ರಮ್‌ನ ಅಂಚನ್ನು ಸುತ್ತಲೂ ಮೆಲ್ಲಗೆ ಬಿಡಿಸಿ ಸ್ಲೈಡ್ ಹೊರತೆಗೆಯಿರಿ. ಬೆಳಕಿಗೆ ಹಿಡಿದು ಸ್ವಲ್ಪ ಅಗಲಿಸಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಸ್ಲೈಡ್ ಪೂರ್ತಿ ಏರುವುದಿಲ್ಲ, ಗಾಡಿಗೆ ಎಳೆತ ಬರುವುದಿಲ್ಲ. ಅಂಥದ್ದನ್ನು ಅಂಟು ಹಾಕಿ ಸರಿಮಾಡಲು ಹೋಗಬೇಡಿ, ಬದಲಿಸಿ. ಸೂಜಿಯ ಮೇಲೆ ಕ್ಲಿಪ್ ಕೂರುವ ಗಾಡಿಗಳಿದ್ದರೆ, ಅದು ಮೇಲಿನಿಂದ ಎಷ್ಟನೇ ಗೀರಿನಲ್ಲಿದೆ ಅಂತ ಬರೆದಿಡಿ.

ಇನ್ನು ಬೌಲ್. ಸ್ಕ್ರೂಗಳನ್ನೆಲ್ಲ ತೆಗೆದ ಮೇಲೂ ಅದು ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಸುತ್ತ ತಟ್ಟಿ. ಫ್ಲೋಟ್ ಪಿನ್ ತೆಗೆಯುವಾಗ ಬಹಳ ಎಚ್ಚರ ಬೇಕು. ಪಿನ್ ಎರಡು ಸಣ್ಣ ಕಂಬಗಳ ನಡುವೆ ಹಾದಿರುತ್ತದೆ. ಕೆಲವದರಲ್ಲಿ ಒಂದು ಕಡೆ ಪಿನ್‌ಗೆ ತಲೆ ಇರುತ್ತದೆ. ತಲೆ ಇಲ್ಲದ ಕಡೆಯಿಂದ ತಲೆ ಇರುವ ಕಡೆಗೆ ತಳ್ಳಬೇಕು. ಬರದಿದ್ದರೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಕಾಯಿರಿ. ಸುತ್ತಿಗೆ ಪೆಟ್ಟಿಗೆ ಕಂಬ ಮುರಿದರೆ ಇಡೀ ಕಾರ್ಬುರೇಟರೇ ಹೋದಂತೆ. ಫ್ಲೋಟ್ ಎತ್ತಿದಾಗ ನೀಡಲ್ ವಾಲ್ವ್ ಅದರ ಜೊತೆಗೇ ಬರುತ್ತದೆ.

ಮೇನ್ ಜೆಟ್ ಮಧ್ಯದಲ್ಲಿ ಎದ್ದು ಕಾಣುತ್ತದೆ. ಪೈಲಟ್ ಜೆಟ್ ಪಕ್ಕದ ಆಳದ ತೂತಿನ ಒಳಗೆ ಅಡಗಿರುತ್ತದೆ. ಬಹಳ ಜನ ಅದನ್ನು ನೋಡುವುದೇ ಇಲ್ಲ. ಗೀರಿನ ಪೂರ್ತಿ ಅಗಲಕ್ಕೆ ಕೂರುವ ಸ್ಕ್ರೂಡ್ರೈವರ್ ಹಾಕಿ, ಕೆಳಗೆ ಒತ್ತಿ ಹಿಡಿದು ತಿರುಗಿಸಿ. ಹಿತ್ತಾಳೆ ಮೆತ್ತಗೆ. ಒಮ್ಮೆ ಗೀರು ಕಿತ್ತರೆ ಹೊರತೆಗೆಯುವುದು ಬಲು ಕಷ್ಟ.

ಕೊನೆಗೆ ಪೈಲಟ್ ಸ್ಕ್ರೂ, ಅಂದರೆ ಐಡ್ಲಿಂಗ್ ಮಿಶ್ರಣ ಹೊಂದಿಸುವ ಸ್ಕ್ರೂ. ತೆಗೆಯುವ ಮೊದಲು ಅದನ್ನು ಒಳಕ್ಕೆ ತಿರುಗಿಸಿ, ಮೆಲ್ಲಗೆ ತಾಗುವವರೆಗೆ ಎಷ್ಟು ಸುತ್ತು ಅಂತ ಎಣಿಸಿ. ಕಾಲು ಸುತ್ತನ್ನೂ ಬಿಡದೆ ಬರೆದಿಡಿ. ಬಿಗಿ ಮಾಡಬೇಡಿ. ತುದಿ ಚೂಪಾಗಿರುವುದರಿಂದ ಅದೂ ಬಾಗುತ್ತದೆ, ಅದು ಕೂರುವ ಜಾಗವೂ ಹಾಳಾಗುತ್ತದೆ. ಆಮೇಲೆ ಪೂರ್ತಿ ಬಿಚ್ಚಿ. ಅದರ ಹಿಂದೆ ಸ್ಪ್ರಿಂಗ್, ವಾಷರ್, ಪುಟಾಣಿ ಓ-ರಿಂಗ್ ಇರುತ್ತವೆ. ಓ-ರಿಂಗ್ ಹೆಚ್ಚಾಗಿ ಒಳಗೇ ಉಳಿಯುತ್ತದೆ. ಬಾಗಿಸಿದ ತಂತಿಯಿಂದ ಎಳೆದುಕೊಳ್ಳಿ. ಅದನ್ನು ತೆಗೆಯದೆ ಕ್ಲೀನರ್ ಹೊಡೆದರೆ ಉಬ್ಬಿ ದಾರಿ ಮುಚ್ಚುತ್ತದೆ.

ಕೆಲವು ಕಾರ್ಬುರೇಟರ್‌ಗಳಲ್ಲಿ ಈ ಸ್ಕ್ರೂ ಕಾಣುವುದಿಲ್ಲ, ಮೇಲೆ ಲೋಹದ ಬಿಲ್ಲೆ ಹೊಡೆದಿರುತ್ತಾರೆ. ಹೊಗೆ ನಿಯಮಗಳಿಗಾಗಿ ಕಾರ್ಖಾನೆಯಲ್ಲೇ ಮುಚ್ಚಿರುವುದು ಅದು. ಅದನ್ನು ತೆಗೆಯಲು ಸಣ್ಣ ಡ್ರಿಲ್‌ನಿಂದ ಬಿಲ್ಲೆಯನ್ನು ಮಾತ್ರ ತೂತು ಮಾಡಿ, ಮರಸ್ಕ್ರೂ ಸಿಕ್ಕಿಸಿ ಎಳೆಯಬೇಕು. ಡ್ರಿಲ್ ಬಿಟ್‌ಗೆ ತುದಿಯಿಂದ ಕೆಲವು ಮಿಲಿಮೀಟರ್ ಬಿಟ್ಟು ಟೇಪ್ ಸುತ್ತಿದರೆ ಒಳಗಿನ ಸ್ಕ್ರೂ ತಲೆ ಉಳಿಯುತ್ತದೆ.

ಬಟರ್‌ಫ್ಲೈ ಬಿಲ್ಲೆಯನ್ನು, ಅದರ ಕಡ್ಡಿಯನ್ನು ಬಿಚ್ಚಬೇಡಿ. ಅದರ ಸ್ಕ್ರೂಗಳ ತುದಿ ಬಡಿದು ಅಗಲಿಸಿರುತ್ತಾರೆ. ಬಿಚ್ಚಿ ಹಾಕಿದ ಸ್ಕ್ರೂ ಸಡಿಲವಾದರೆ ನೇರ ಎಂಜಿನ್ ಒಳಗೆ.

5. ಕ್ಲೀನ್ ಮಾಡುವುದು

ಎಲ್ಲಾ ರಬ್ಬರ್, ಪ್ಲಾಸ್ಟಿಕ್ ಭಾಗಗಳನ್ನು ಬೇರೆ ಇಡಿ. ಕ್ಲೀನರ್ ಬಿದ್ದರೆ ಡಯಾಫ್ರಮ್ ಉಬ್ಬಿ ಸುಕ್ಕಾಗುತ್ತದೆ. ಅವುಗಳಿಗೆ ಸೋಪು ನೀರು ಸಾಕು.

ಜೆಟ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ. ಬಹಳಷ್ಟು ಪೈಲಟ್ ಜೆಟ್‌ಗಳ ತೂತು ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಪೆಟ್ರೋಲ್ ಆರಿ ಉಳಿದ ವಾರ್ನಿಶ್‌ನಂಥ ಅಂಟು ಅದನ್ನು ಸುಲಭವಾಗಿ ಮುಚ್ಚುತ್ತದೆ. ಬೆಳಕು ದುಂಡಗೆ, ಅಂಚು ಸ್ಪಷ್ಟವಾಗಿ ಕಾಣಬೇಕು. ಸ್ವಲ್ಪ ಬೆಳಕು ಕಂಡರೆ ಸಾಲದು. ಅರ್ಧ ಮುಚ್ಚಿದ ಜೆಟ್ ಕೂಡ ಅದೇ ತೊಂದರೆ ಕೊಡುತ್ತದೆ. ಕ್ಲೀನರ್‌ನಲ್ಲಿ ನೆನೆಸಿಟ್ಟು ಗಾಳಿ ಹೊಡೆಯಿರಿ. ಹೋಗದಿದ್ದರೆ ವಿದ್ಯುತ್ ತಂತಿಯೊಳಗಿನ ಒಂದು ತೆಳು ತಾಮ್ರದ ಎಳೆ ಅಥವಾ ನೈಲಾನ್ ಎಳೆ ಬಳಸಿ. ಡ್ರಿಲ್ ಬಿಟ್, ಸೂಜಿ, ಉಕ್ಕಿನ ತಂತಿ ಬೇಡ. ತೂತು ಕೂದಲಷ್ಟು ದೊಡ್ಡದಾದರೂ ಜೆಟ್‌ನ ಅಳತೆ ತಪ್ಪಿತು. ಮೇನ್ ಜೆಟ್‌ನ ಮೇಲಿರುವ ಉದ್ದ ಹಿತ್ತಾಳೆ ನಳಿಕೆಯ ಪಕ್ಕದ ತೂತುಗಳನ್ನೂ ಬಿಡಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಜೆಟ್ ಶುದ್ಧವಾದರೂ ಕಾರ್ಬುರೇಟರ್ ಒಡಲಿನೊಳಗೆ ಕೊರೆದ ದಾರಿ ಮುಚ್ಚಿರಬಹುದು. ಅದನ್ನು ಕಣ್ಣಿನಿಂದ ನೋಡಲಾಗುವುದಿಲ್ಲ, ಸ್ಪ್ರೇಯಿಂದ ಪರೀಕ್ಷಿಸಬೇಕು. ಪೈಲಟ್ ಜೆಟ್ ಕೂರುವ ತೂತಿಗೆ ನಳಿಕೆ ಇಟ್ಟು ಕ್ಲೀನರ್ ಹೊಡೆಯಿರಿ. ದ್ರವ ಮೂರು ಕಡೆಯಿಂದ ಹೊರಬರಬೇಕು: ಪೈಲಟ್ ಸ್ಕ್ರೂ ಇದ್ದ ತೂತು, ಬಟರ್‌ಫ್ಲೈ ಅಥವಾ ಸ್ಲೈಡ್ ಪಕ್ಕ ಕೊರಳಿನೊಳಗಿರುವ ಸಾಸಿವೆಗಿಂತ ಚಿಕ್ಕ ತೂತುಗಳು, ಏರ್‌ಬಾಕ್ಸ್ ಕಡೆಯ ಬಾಯಿಯಲ್ಲಿರುವ ಗಾಳಿ ತೂತು. ಒಂದನ್ನು ಬೆರಳಿನಿಂದ ಮುಚ್ಚಿ ಇನ್ನೊಂದರಿಂದ ಬರುತ್ತದಾ ನೋಡಿ. ಆಮೇಲೆ ಅದಲು ಬದಲು ಮಾಡಿ. ಎಲ್ಲಾ ಕಡೆಯಿಂದ ಧಾರೆ ಬಂದರೆ ಮಾತ್ರ ಮುಂದೆ ಹೋಗಿ. ಒಂದು ತೂತಿನಿಂದ ಬರೀ ತೊಟ್ಟಿಕ್ಕಿದರೆ ಇನ್ನಷ್ಟು ನೆನೆಸಿ, ಗಾಳಿಯನ್ನು ಎರಡೂ ದಿಕ್ಕಿನಿಂದ ಹೊಡೆಯಿರಿ. ಆಗಲೂ ಬಿಡದಿದ್ದರೆ ಅಲ್ಟ್ರಾಸಾನಿಕ್ ಕ್ಲೀನರ್ ಇರುವ ವರ್ಕ್‌ಶಾಪ್‌ಗೆ ಒಯ್ಯಿರಿ. ಬಿಸಿ ಸೋಪು ದ್ರಾವಣದಲ್ಲಿ ಧ್ವನಿ ಕಂಪನದಿಂದ ಕೊಳೆ ಬಿಡಿಸುವ ಯಂತ್ರ ಅದು. ಹಠಮಾರಿ ಅಂಟಿಗೆ ಅದು ಒಳ್ಳೆಯ ದಾರಿ.

ಚೋಕ್‌ನ ದಾರಿಯನ್ನೂ ಹೀಗೇ ನೋಡಿ. ಬೌಲ್‌ನ ಒಂದು ಮೂಲೆಯಲ್ಲಿ ಬಾವಿಯಂಥ ಗುಂಡಿ ಇದ್ದರೆ ಅದರ ಬುಡದಲ್ಲಿ ಪುಟ್ಟ ತೂತಿರುತ್ತದೆ. ಚಳಿಯಲ್ಲಿ ಸ್ಟಾರ್ಟ್ ಮಾಡಲು ಪೆಟ್ರೋಲ್ ಬರುವುದು ಅಲ್ಲಿಂದ. ಬೌಲ್ ಫಳಫಳ ಹೊಳೆಯುವಂತೆ ತೊಳೆದವರೂ ಈ ತೂತನ್ನು ಮರೆತಿರುತ್ತಾರೆ.

ನೀಡಲ್ ವಾಲ್ವ್‌ನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತಲೂ ಉಂಗುರದ ಗುರುತು ಬಿದ್ದಿದ್ದರೆ ಬದಲಿಸಿ. ಅದು ಕೂರುವ ಜಾಗವನ್ನು ಹತ್ತಿ ಕಡ್ಡಿಯಿಂದ ಒರೆಸಿ. ಮರಳು ಕಾಗದ ಬಳಸಬೇಡಿ. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಬಂದರೆ ಅದು ತೂತಾಗಿದೆ.

6. ಜೋಡಣೆ, ಫ್ಲೋಟ್ ಎತ್ತರ

ಬಿಚ್ಚಿದ್ದರ ಉಲ್ಟಾ ಕ್ರಮ. ಜೆಟ್‌ಗಳನ್ನು ಕೈಯಿಂದ ಶುರು ಮಾಡಿ, ತಾಗಿದ ಮೇಲೆ ಸ್ವಲ್ಪವೇ ಬಿಗಿ ಮಾಡಿ. ಪೈಲಟ್ ಸ್ಕ್ರೂಗೆ ಮೊದಲು ಸ್ಪ್ರಿಂಗ್, ನಂತರ ವಾಷರ್, ತುದಿಯ ಕಡೆಗೆ ಓ-ರಿಂಗ್. ಮೆಲ್ಲಗೆ ತಾಗಿಸಿ, ಬರೆದಿಟ್ಟಷ್ಟೇ ಸುತ್ತು ಹೊರಕ್ಕೆ ತಿರುಗಿಸಿ.

ಫ್ಲೋಟ್ ಹಾಕಿದ ಮೇಲೆ ಅದರ ಎತ್ತರ ಅಳೆಯಿರಿ. ಕಾರ್ಬುರೇಟರನ್ನು ಓರೆಯಾಗಿ ಹಿಡಿಯಿರಿ. ಫ್ಲೋಟ್‌ನ ನಾಲಿಗೆ ವಾಲ್ವ್‌ನ ಸಣ್ಣ ಸ್ಪ್ರಿಂಗ್ ಪಿನ್ನನ್ನು ಮುಟ್ಟಬೇಕು, ಒತ್ತಬಾರದು. ಪೂರ್ತಿ ತಲೆಕೆಳಗು ಮಾಡಿ ಅಳೆದರೆ ಫ್ಲೋಟ್‌ನ ಭಾರಕ್ಕೆ ಪಿನ್ ಒಳಗೆ ಹೋಗಿ ಅಳತೆ ತಪ್ಪುತ್ತದೆ. ಬೌಲ್ ಕೂರುವ ಅಂಚಿನಿಂದ ಫ್ಲೋಟ್‌ನ ತುದಿಯವರೆಗಿನ ಅಳತೆ ಮ್ಯಾನ್ಯುಯಲ್‌ನಲ್ಲಿರುವುದಕ್ಕೆ ಹೊಂದಬೇಕು. ಹೊಂದದಿದ್ದರೆ ಲೋಹದ ನಾಲಿಗೆಯನ್ನು ಅತಿ ಸ್ವಲ್ಪ ಬಾಗಿಸಿ. ನಾಲಿಗೆ ಪ್ಲಾಸ್ಟಿಕ್ ಆಗಿದ್ದರೆ ಬಾಗಿಸಲು ಬರುವುದಿಲ್ಲ, ಫ್ಲೋಟ್ ಅಥವಾ ವಾಲ್ವ್ ಬದಲಿಸಬೇಕು.

ಗಾಡಿಗೆ ಹಾಕುವ ಮೊದಲೇ ಸೋರಿಕೆ ಪರೀಕ್ಷಿಸಬಹುದು. ಪೆಟ್ರೋಲ್ ನಳಿಕೆಗೆ ಹೊಸ ಪೈಪ್ ತುಂಡು ಸಿಕ್ಕಿಸಿ. ಕಾರ್ಬುರೇಟರನ್ನು ತಲೆಕೆಳಗು ಮಾಡಿ ಬಾಯಿಂದ ಮೆಲ್ಲಗೆ ಊದಿ. ಗಾಳಿ ಹೋಗಬಾರದು. ನೆಟ್ಟಗೆ ಹಿಡಿದರೆ ಸಲೀಸಾಗಿ ಹೋಗಬೇಕು. ಇದಕ್ಕೆ ಕಂಪ್ರೆಸರ್ ಬಳಸಬೇಡಿ.

ಡಯಾಫ್ರಮ್‌ನ ಅಂಚು ಸುತ್ತಲೂ ಗೀರಿನೊಳಗೆ ಕೂತಿದೆಯಾ ನೋಡಿ. ಒಂದು ಕಡೆ ಸಣ್ಣ ಕಿವಿಯಂಥ ಗುರುತಿದ್ದರೆ ಅದು ತನ್ನ ಜಾಗಕ್ಕೇ ಬರಬೇಕು. ಮುಚ್ಚಳ ಹಾಕಿದ ಮೇಲೆ ಬೆರಳಿನಿಂದ ಸ್ಲೈಡ್ ಎತ್ತಿ ಬಿಡಿ. ಎಲ್ಲೂ ಸಿಕ್ಕಿಕೊಳ್ಳದೆ ನಿಧಾನವಾಗಿ ಇಳಿಯಬೇಕು.

7. ಗಾಡಿಗೆ ಕೂರಿಸುವುದು

ರಬ್ಬರ್ ಬೂಟನ್ನು ಬಾಗಿಸಿ ಬಿರುಕು ಇದೆಯಾ ನೋಡಿ. ಎಂಜಿನ್ ಬಾಯಿಯ ಬಟ್ಟೆ ತೆಗೆಯಿರಿ. ಬೂಟ್ ಒಳಗೆ ಸ್ವಲ್ಪ ಸೋಪು ನೀರು ಸವರಿದರೆ ಕಾರ್ಬುರೇಟರ್ ಸುಲಭವಾಗಿ ಕೂರುತ್ತದೆ. ಪೂರ್ತಿ ಒಳಗೆ ಹೋಗಿದೆ ಅಂತ ಸುತ್ತಲೂ ಬೆರಳಾಡಿಸಿ ನೋಡಿ, ಆಮೇಲೆ ಕ್ಲ್ಯಾಂಪ್ ಬಿಗಿ ಮಾಡಿ. ಸ್ಲೈಡ್ ಬಗೆಯದರಲ್ಲಿ ಸ್ಲೈಡ್‌ನ ಉದ್ದ ಗೀರು ಒಳಗಿನ ಪಿನ್‌ಗೆ ಹೊಂದಬೇಕು. ಗಾಳಿ ಪೈಪುಗಳು ಎಲ್ಲೂ ಮಡಚದೆ ಹಳೆಯ ದಾರಿಯಲ್ಲೇ ಹೋಗಲಿ. ಮಡಚಿದರೆ ಬೌಲ್‌ಗೆ ಗಾಳಿ ಸಿಗದೆ ಪೆಟ್ರೋಲ್ ಹರಿವೇ ನಿಲ್ಲುತ್ತದೆ. ಗಾಡಿಯಲ್ಲಿ ಪೆಟ್ರೋಲ್ ಫಿಲ್ಟರ್ ಇದ್ದರೆ ಹೊಸದು ಹಾಕಿ.

ಈಗ ಹೇಳುವುದನ್ನು ಯಾವ ಕಾರಣಕ್ಕೂ ಬಿಡಬೇಡಿ. ಎಂಜಿನ್ ಸ್ಟಾರ್ಟ್ ಮಾಡದೆ ಹೆಬ್ಬೆರಳಿನ ಥ್ರಾಟಲ್ (ರೇಸ್ ಕೊಡುವ ಲಿವರ್) ಒತ್ತಿ ಬಿಡಿ. ಟಕ್ ಅಂತ ಹಿಂದೆ ಬರಬೇಕು. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೆ ನೋಡಿ. ಥ್ರಾಟಲ್ ಲಿವರಿನಲ್ಲಿ ಸ್ವಲ್ಪ ಸಡಿಲ ಇರಬೇಕು. ಬಹಳಷ್ಟು ಗಾಡಿಗಳಲ್ಲಿ ಅದು 3ರಿಂದ 8 ಮಿಲಿಮೀಟರ್ ನಡುವೆ ಇರುತ್ತದೆ. ಥ್ರಾಟಲ್ ತೆರೆದೇ ಸಿಕ್ಕಿಕೊಂಡ ಎಟಿವಿ ಜೀವಕ್ಕೇ ಅಪಾಯ. ಸ್ವಲ್ಪ ಬಿಗಿ ಅನ್ನಿಸಿದರೂ ಗಾಡಿ ಹತ್ತಬೇಡಿ.

ಪೆಟ್ರೋಲ್ ಆನ್ ಮಾಡಿ ಐದು ನಿಮಿಷ ಕಾಯಿರಿ. ಬೌಲ್ ಅಂಚು, ಪೈಪ್ ತುದಿ, ಓವರ್‌ಫ್ಲೋ ಎಲ್ಲಾ ಕಡೆ ಟಾರ್ಚ್ ಹಾಕಿ ನೋಡಿ. ಒಂದು ಹನಿಯೂ ಇಲ್ಲದಿದ್ದರೆ ಬ್ಯಾಟರಿ ತಂತಿ ಜೋಡಿಸಿ.

8. ಐಡ್ಲಿಂಗ್ ಹೊಂದಿಸುವುದು

ಹೊರಗಡೆಯೇ ಸ್ಟಾರ್ಟ್ ಮಾಡಿ. ಮುಚ್ಚಿದ ಕೋಣೆಯಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಚೋಕ್ ಪೂರ್ತಿ ಆಫ್ ಆಗಿರಲಿ. ಐಡ್ಲಿಂಗ್ ಸ್ಕ್ರೂನಿಂದ ವೇಗವನ್ನು ಮ್ಯಾನ್ಯುಯಲ್ ಹೇಳಿದಷ್ಟಕ್ಕೆ ತನ್ನಿ. ಬಹಳಷ್ಟು ಎಟಿವಿಗಳಲ್ಲಿ ನಿಮಿಷಕ್ಕೆ 1,400ರಿಂದ 1,500 ಸುತ್ತಿನ ಆಸುಪಾಸು.

ನಂತರ ಪೈಲಟ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಒಳಕ್ಕೆ ತಿರುಗಿಸಿ, ಪ್ರತಿ ಸಲ ಕೆಲವು ಸೆಕೆಂಡ್ ಕಾಯಿರಿ. ಎಂಜಿನ್ ವೇಗ ಬೀಳುವ ಜಾಗ ಗುರುತಿಸಿ. ಹೊರಕ್ಕೆ ತಿರುಗಿಸಿ ಮತ್ತೆ ಬೀಳುವ ಜಾಗ ಗುರುತಿಸಿ. ಎರಡರ ನಡುವೆ ಎಂಜಿನ್ ಜೋರಾಗಿ, ಒಂದೇ ಸಮನೆ ಓಡುವ ಜಾಗದಲ್ಲಿ ನಿಲ್ಲಿಸಿ. ಐಡ್ಲಿಂಗ್ ವೇಗ ಏರಿದ್ದರೆ ಇಳಿಸಿ. ಸ್ಕ್ರೂ ಎಂಜಿನ್ ಕಡೆ ಇದ್ದರೆ ಹೊರಕ್ಕೆ ತಿರುಗಿಸಿದಷ್ಟೂ ಪೆಟ್ರೋಲ್ ಜಾಸ್ತಿ. ಏರ್‌ಬಾಕ್ಸ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ, ಹೊರಕ್ಕೆ ತಿರುಗಿಸಿದಷ್ಟೂ ಗಾಳಿ ಜಾಸ್ತಿ. ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ನಿನಲ್ಲಿ ವ್ಯತ್ಯಾಸವೇ ಕಾಣದಿದ್ದರೆ ಪೈಲಟ್ ದಾರಿ ಇನ್ನೂ ಮುಚ್ಚಿದೆ ಅಂತ ಅರ್ಥ. ಐದನೇ ಹಂತಕ್ಕೆ ವಾಪಸ್ ಹೋಗಬೇಕು. ಬೇಜಾರಾಗುತ್ತದೆ ನಿಜ, ಆದರೆ ಬೇರೆ ದಾರಿ ಇಲ್ಲ.

ಐಡ್ಲಿಂಗ್‌ನಲ್ಲಿ ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿ. ವೇಗ ಏರಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ. ರೇಸ್ ಬಿಟ್ಟ ಮೇಲೂ ವೇಗ ಇಳಿಯದೆ ನಿಂತರೆ ಬೂಟ್ ಮತ್ತು ಕ್ಲ್ಯಾಂಪ್ ಹತ್ತಿರ ಗಾಳಿ ಸೋರಿಕೆ ಹುಡುಕಿ.

ಮತ್ತೆ ಕಟ್ಟದಂತೆ

ಇಷ್ಟು ದಿನಕ್ಕೊಮ್ಮೆ ಕಾರ್ಬುರೇಟರ್ ಬಿಚ್ಚಲೇಬೇಕು ಅನ್ನುವ ಲೆಕ್ಕ ಬೇಡ. ಗಾಡಿ ಚೆನ್ನಾಗಿ ಓಡುತ್ತಿದ್ದರೆ ಮುಟ್ಟಬೇಡಿ. ಕಾರ್ಬುರೇಟರ್ ಕಟ್ಟುವುದು ಹೆಚ್ಚಾಗಿ ಗಾಡಿ ನಿಂತಾಗ. ಬೌಲ್‌ನಲ್ಲಿರುವ ಪೆಟ್ರೋಲ್ ಸ್ವಲ್ಪವೇ, ಅದು ಗಾಳಿ ತೂತಿನ ಮೂಲಕ ಆರುತ್ತಾ ಅಂಟು ಬಿಡುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದಾಗ ಅದು ಬೇರೆಯಾಗಿ ತಳಕ್ಕೆ ಇಳಿದು ಲೋಹಕ್ಕೆ ಬಿಳಿ ಪುಡಿಯಂಥ ತುಕ್ಕು ಹಿಡಿಸುತ್ತದೆ.

ತಿಂಗಳಿಗಿಂತ ಹೆಚ್ಚು ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್‌ಗೆ ಫ್ಯುಯಲ್ ಸ್ಟೆಬಿಲೈಜರ್ (ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ದ್ರವ) ಹಾಕಿ, ಹತ್ತು ನಿಮಿಷ ಎಂಜಿನ್ ಓಡಿಸಿ. ಅದು ಕಾರ್ಬುರೇಟರ್ ಒಳಗೂ ತಲುಪಲಿ. ನಂತರ ಕಾಕ್ ಆಫ್ ಮಾಡಿ, ಎಂಜಿನ್ ತಣ್ಣಗಾದ ಮೇಲೆ ಡ್ರೈನ್ ಸ್ಕ್ರೂ ತೆರೆದು ಬೌಲ್ ಖಾಲಿ ಮಾಡಿ. ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಬೌಲ್ ಖಾಲಿ ಆಯಿತು ಅಂದುಕೊಳ್ಳಬೇಡಿ. ತಳದಲ್ಲಿ ಇನ್ನೂ ಪೆಟ್ರೋಲ್ ಉಳಿದಿರುತ್ತದೆ. ಇಳಿಸಿದ ಹಳೆಯ ಪೆಟ್ರೋಲ್ ಮತ್ತು ಬಳಸಿದ ಕ್ಲೀನರನ್ನು ಚರಂಡಿಗೆ, ಮಣ್ಣಿಗೆ ಸುರಿಯಬೇಡಿ. ಮುಚ್ಚಳ ಇರುವ ಲೋಹದ ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಕೇಂದ್ರಕ್ಕೆ ಕೇಳಿ ಕೊಡಿ. ಕ್ಲೀನರ್ ಹಿಡಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ, ಹೊರಗೆ ಹರಡಿ ಪೂರ್ತಿ ಆರಲು ಬಿಡಿ.